ಒಬ್ಬ ರಾಜ, ಒಂದು ಕೀಲು: ಫ್ರಾನ್ಸಿನ ಎರಡನೇ ಹೆನ್ರಿಯ ಕಥೆ

ಗಾಡಿ ಓಡಿಸೋ ಎಲ್ಲರಿಗೂ ಗೊತ್ತಿರೋ ಒಂದು ಸಣ್ಣ ಕಿರಿಕಿರಿಯಿಂದ ಶುರು ಮಾಡೋಣ. ಹೊಸ ಹೆಲ್ಮೆಟ್ ತಂದ ಮೊದಲ ಕೆಲವು ತಿಂಗಳು ಅದರ ಗ್ಲಾಸು ಟಕ್ ಟಕ್ ಅಂತ ಏರುತ್ತೆ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತೆ. ಆಮೇಲೆ ಒಂದು ದಿನ ಸ್ಪೀಡ್ ಬ್ರೇಕರ್ ಹತ್ತಿ ಇಳಿದ ಕೂಡಲೇ ತಾನಾಗಿ ದಪ್ಪಂತ ಕೆಳಗೆ ಬೀಳೋಕೆ ಶುರುವಾಗುತ್ತೆ. ಇಲ್ಲವೇ ಹೆದ್ದಾರಿಯಲ್ಲಿ ತಲೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ಗಾಳಿಗೆ ತೆರೆದುಕೊಂಡು ಕಣ್ಣಿಗೆ ಧೂಳು ತುಂಬುತ್ತೆ. ನಮ್ಮ ಗುಂಪಿನಲ್ಲೇ ಒಬ್ಬರು ಎರಡು ಬದಿಯ ಕೀಲಿಗೂ ಇನ್ಸುಲೇಷನ್ ಟೇಪ್ ಸುತ್ತಿಕೊಂಡು ಒಂದು ಸೆಮಿಸ್ಟರ್ ಪೂರ್ತಿ ಕಳೆದರು.

ಆ ಟೇಪಿನ ವಿಷಯ ಮಾತಾಡ್ತಾ ಮಾತಾಡ್ತಾ ನಮಗೆ ಒಂದು ಪ್ರಶ್ನೆ ಬಂತು. ಮುಖದ ಮುಂದೆ ಏರಿ ಇಳಿಯೋ ಈ ತೆರೆಯನ್ನ ತಲೆಯ ಪಕ್ಕದ ಎರಡು ಬಿಂದುಗಳಿಗೆ ಜೋಡಿಸೋ ವಿದ್ಯೆ ಎಷ್ಟು ಹಳೆಯದು? ಹುಡುಕುತ್ತಾ ಹೋದರೆ ಬೈಕು, ಪ್ಲಾಸ್ಟಿಕ್ಕು ಎಲ್ಲ ದಾಟಿ ಐನೂರು, ಆರುನೂರು ವರ್ಷ ಹಿಂದಿನ ಯುರೋಪಿನ ಕಮ್ಮಾರರ ಹತ್ತಿರ ಹೋಗಿ ನಿಂತೆವು. ಅಲ್ಲಿ ಒಬ್ಬ ರಾಜ ಸಿಕ್ಕ. ಇಡೀ ಫ್ರಾನ್ಸ್ ದೇಶ ಅವನ ಕೈಯಲ್ಲಿತ್ತು. ನಲವತ್ತನೇ ವಯಸ್ಸಿನಲ್ಲಿ, ಮಗಳ ಮದುವೆಯ ಸಂಭ್ರಮದ ನಡುವೆ, ಶಿರಸ್ತ್ರಾಣದ ಮುಖಕವಚ ಕೈಕೊಟ್ಟಿದ್ದರಿಂದ ಸತ್ತ. ಅವನೇ ಎರಡನೇ ಹೆನ್ರಿ. ಇತಿಹಾಸದ ಪಾಠದಲ್ಲಿ ಅವನಿಗೆ ಎರಡು ಸಾಲು ಸಿಕ್ಕರೆ ಹೆಚ್ಚು. ಆದರೆ ಡಿಸೈನ್ ಓದೋ ನಮಗೆ ಅವನ ಬದುಕು ಒಂದು ದೊಡ್ಡ ಪಾಠ ಅನಿಸಿತು, ಅದಕ್ಕೇ ಈ ಬರಹ.

ಹೆನ್ರಿ ಹುಟ್ಟಿದ್ದು 1519ರ ಮಾರ್ಚ್ 31ರಂದು, ಪ್ಯಾರಿಸ್ ಹತ್ತಿರದ ಸಾಂ ಜರ್ಮೇನ್ ಅರಮನೆಯಲ್ಲಿ. ಅಪ್ಪ ಮೊದಲನೇ ಫ್ರಾನ್ಸಿಸ್, ಫ್ರಾನ್ಸಿನ ದೊರೆ. ಹೆನ್ರಿ ಎರಡನೇ ಮಗ. ಪಟ್ಟ ಅಣ್ಣನಿಗೆ, ತಮ್ಮ ಆರಾಮಾಗಿ ಬೇಟೆ ಆಡ್ಕೊಂಡು ಇರಬಹುದಿತ್ತು. ಆದರೆ 1525ರ ಫೆಬ್ರವರಿಯಲ್ಲಿ ಇಟಲಿಯ ಪಾವಿಯಾ ಯುದ್ಧದಲ್ಲಿ ಅಪ್ಪ ಸೋತು, ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೆರೆಯಾಳಾದ. ಮುಂದಿನ ವರ್ಷ ಒಪ್ಪಂದವಾಯಿತು. ರಾಜನನ್ನು ಬಿಡ್ತೀವಿ, ಬದಲಿಗೆ ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕು ಅನ್ನೋ ಕರಾರು.

1526ರ ಮಾರ್ಚ್‌ನಲ್ಲಿ ಎರಡು ದೇಶಗಳ ಗಡಿಯಾಗಿ ಹರಿಯೋ ಬಿಡಸೋವಾ ನದಿಯ ನಡುವೆ ದೋಣಿಗಳಲ್ಲಿ ಆ ಅದಲುಬದಲು ನಡೆಯಿತು. ಅಪ್ಪ ಈ ಕಡೆ ಬಂದ, ಮಕ್ಕಳು ಆ ಕಡೆ ಹೋದರು. ಹೆನ್ರಿಗೆ ಇನ್ನೂ ಏಳು ತುಂಬಿರಲಿಲ್ಲ. ದಡ ಸೇರಿದ ಅಪ್ಪ ಒಪ್ಪಂದವನ್ನು ಮುರಿದ. ಸಿಟ್ಟಾದ ಚಾರ್ಲ್ಸ್ ಹುಡುಗರ ಮೇಲಿನ ಕಾವಲನ್ನು ಬಿಗಿ ಮಾಡಿದ. ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಸಾಗಿಸ್ತಾ, ಜೊತೆಗಿದ್ದ ಫ್ರೆಂಚ್ ಪರಿವಾರವನ್ನೂ ದೂರ ಮಾಡಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ. ಕೊನೆಗೆ ಇಪ್ಪತ್ತು ಲಕ್ಷ ಚಿನ್ನದ ನಾಣ್ಯಗಳ ಬಿಡುಗಡೆ ಹಣಕ್ಕೆ ಮಾತಾಗಿ, 1530ರ ಜುಲೈನಲ್ಲಿ ಮಕ್ಕಳು ವಾಪಸ್ ಬಂದರು. ನಗು ಮರೆತ, ಮಾತು ಕಡಿಮೆಯಾದ ಹನ್ನೊಂದು ವರ್ಷದ ಹುಡುಗ ಅರಮನೆಗೆ ಬಂದ.

ಅಂಥ ಹುಡುಗ ಎಲ್ಲಿ ಅರಳಿದ ಅಂದರೆ, ಮೈದಾನದಲ್ಲಿ. ಎತ್ತರದ ಆಳು, ಗಟ್ಟಿ ಮೈ. ಕುದುರೆ ಸವಾರಿ, ಬೇಟೆ, ಚೆಂಡಾಟ, ಎಲ್ಲಕ್ಕಿಂತ ಹೆಚ್ಚಾಗಿ ಈಟಿ ಕಾಳಗ. ಇಬ್ಬರು ಸವಾರರು ಮೈಪೂರ್ತಿ ಉಕ್ಕು ಹೊದ್ದು, ಉದ್ದನೆಯ ಮರದ ಈಟಿ ಹಿಡಿದು, ನಡುವೆ ಒಂದು ಮರದ ಬೇಲಿ ಬಿಟ್ಟುಕೊಂಡು ಎದುರುಬದುರಾಗಿ ಕುದುರೆ ಓಡಿಸೋದು. ಎದುರಾಳಿಯ ಕವಚಕ್ಕೆ ತಾಗಿಸಿ ಈಟಿ ಮುರಿದರೆ ಅಂಕ. ನಮ್ಮಲ್ಲಿ ಅದೇ ಕಾಲಕ್ಕೆ ವಿಜಯನಗರದ ಮಹಾನವಮಿಯಲ್ಲಿ ಕುಸ್ತಿ, ಕತ್ತಿವರಸೆ ನಡೀತಿದ್ದ ಹಾಗೆ, ಅಲ್ಲಿ ಇದಿಲ್ಲದೆ ರಾಜಮನೆತನದ ಹಬ್ಬವೇ ಇಲ್ಲ.

1533ರಲ್ಲಿ, ಹದಿನಾಲ್ಕನೇ ವಯಸ್ಸಿಗೇ ಅವನ ಮದುವೆಯಾಯಿತು. ಹುಡುಗಿ ಇಟಲಿಯ ಫ್ಲಾರೆನ್ಸ್‌ನ ಕ್ಯಾಥರಿನ್ ದೆ ಮೆದಿಚಿ, ಅವಳಿಗೂ ಅಷ್ಟೇ ವಯಸ್ಸು. 1536ರಲ್ಲಿ ಅಣ್ಣ ಇದ್ದಕ್ಕಿದ್ದಂತೆ ತೀರಿಕೊಂಡ, ತಮ್ಮ ಯುವರಾಜನಾದ. ಹತ್ತು ವರ್ಷ ಮಕ್ಕಳಾಗದೆ ಕ್ಯಾಥರಿನ್ ಅರಮನೆಯವರ ಬಾಯಿಗೆ ಬಿದ್ದಳು. ಆಮೇಲೆ ಸಾಲಾಗಿ ಹತ್ತು ಮಕ್ಕಳು. ಆದರೆ ಹೆನ್ರಿಯ ಮನಸ್ಸು ಇದ್ದದ್ದು ಅವನಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವಳಾದ ಡಯಾನ್ ದೆ ಪ್ವಾಟಿಯೆ ಮೇಲೆ. ಅವಳ ಬಣ್ಣ ಕಪ್ಪು ಮತ್ತು ಬಿಳಿ. ಕಾಳಗಕ್ಕೆ ಇಳಿಯುವಾಗ ಅವನು ತೊಡುತ್ತಿದ್ದದ್ದೂ ಅವೇ ಬಣ್ಣಗಳನ್ನು, ಹೆಂಡತಿ ನೋಡ್ತಾ ಕೂತಿದ್ದರೂ ಸಹ.

1547ರ ಮಾರ್ಚ್ 31ರಂದು ಅಪ್ಪ ಸತ್ತ. ಅಂದೇ ಹೆನ್ರಿಗೆ ಇಪ್ಪತ್ತೆಂಟು ತುಂಬಿತ್ತು. ಅವನು ರಾಜನಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ, ಆಗ ನಡೆದ ಒಂದು ಘಟನೆ ನಮಗೆ ತುಂಬಾ ಮುಖ್ಯ. ಜಾರ್ನಾಕ್ ಮತ್ತು ಲಾ ಶಾತೆನ್ಯೆರೆ ಅನ್ನೋ ಇಬ್ಬರು ಸರದಾರರ ಮಾನದ ಜಗಳ ದ್ವಂದ್ವಯುದ್ಧದವರೆಗೆ ಬಂತು. ರಾಜ ಅನುಮತಿ ಕೊಟ್ಟ, ತಾನೇ ಕೂತು ನೋಡಿದ. ಶಾತೆನ್ಯೆರೆ ರಾಜನ ಆಪ್ತ, ಹೆಸರಾದ ಕತ್ತಿವರಸೆಗಾರ. ಗೆಲ್ಲೋದು ಅವನೇ ಅಂತ ಎಲ್ಲರ ಲೆಕ್ಕ. ಆದರೆ ಜಾರ್ನಾಕ್ ಎದೆಗೂ ಹೊಡೆಯಲಿಲ್ಲ, ತಲೆಗೂ ಹೊಡೆಯಲಿಲ್ಲ. ರಕ್ಷಣೆಯೇ ಇಲ್ಲದ ಮೊಣಕಾಲಿನ ಹಿಂಭಾಗಕ್ಕೆ ಕತ್ತಿ ಹಾಕಿ ನರ ಕತ್ತರಿಸಿದ. ಸೋತ ಅವಮಾನ ತಾಳಲಾರದೆ ಶಾತೆನ್ಯೆರೆ ಕಟ್ಟಿದ ಪಟ್ಟಿಯನ್ನೇ ಕಿತ್ತು ಹಾಕಿ ಪ್ರಾಣ ಬಿಟ್ಟ ಅಂತ ಹೇಳ್ತಾರೆ.

ಮೊಣಕಾಲಿನ ಹಿಂದೆ ಯಾಕೆ ರಕ್ಷಣೆ ಇರಲಿಲ್ಲ? ಕಾಲು ಮಡಚಬೇಕಲ್ಲ, ಅದಕ್ಕೆ. ಎಲ್ಲಿ ಚಲನೆ ಬೇಕೋ ಅಲ್ಲಿ ತಗಡು ನಿಲ್ಲಿಸಬೇಕು. ತಗಡು ನಿಂತಲ್ಲಿ ಸಂದು, ಸಂದು ಇದ್ದಲ್ಲಿ ಅಪಾಯ. ಮೆಷಿನ್ ಡಿಸೈನ್ ತರಗತಿಯಲ್ಲಿ ಕೀಲುಗಳ ಬಗ್ಗೆ ನಾವು ಕಲಿಯೋದರ ಸಾರ ಅಂದು ರಾಜನ ಕಣ್ಣೆದುರೇ ನಡೆದುಹೋಯಿತು. ಆ ದಿನ 1547ರ ಜುಲೈ 10. ಈ ತಾರೀಖು ನೆನಪಿರಲಿ.

ರಾಜನಾಗಿ ಹೆನ್ರಿ ಹೇಗಿದ್ದ? ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಅಬೆಲ್ ಫುಲ್ಲೋನ್ ಅನ್ನುವವನು ಭೂಮಿ ಅಳೆಯೋಕೆ ಹೋಲೋಮೀಟರ್ ಅಂತ ಒಂದು ಉಪಕರಣ ಮಾಡಿದಾಗ ಅದಕ್ಕೆ ರಾಜಮುದ್ರೆಯ ವಿಶೇಷ ಹಕ್ಕು ಕೊಟ್ಟ. ಪೇಟೆಂಟ್‌ಗಳ ಇತಿಹಾಸ ಬರೆಯೋರು ಇದನ್ನು ಇವತ್ತಿಗೂ ನೆನೆಯುತ್ತಾರೆ. 1552ರಲ್ಲಿ ಮೆಟ್ಜ್, ತೂಲ್, ವರ್ದೂನ್ ಊರುಗಳನ್ನು ಹಿಡಿದ. 1558ರ ಜನವರಿಯಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲೆಂಡಿನ ಕೈಯಲ್ಲಿದ್ದ ಕಲೇ ಬಂದರನ್ನು ಅವನ ಸೇನೆ ಗೆದ್ದಿತು. ಇನ್ನೊಂದು ಕಡೆ ಪ್ರಾಟೆಸ್ಟೆಂಟರ ಮೇಲೆ ಕ್ರೂರ ಕಾನೂನು ತಂದ. ಅವರನ್ನು ವಿಚಾರಿಸಲು ನೇಮಿಸಿದ ವಿಶೇಷ ನ್ಯಾಯಪೀಠಕ್ಕೆ ಜನ ಬೆಂಕಿಯ ಕೋಣೆ ಅಂತ ಹೆಸರಿಟ್ಟರು. 1557ರಲ್ಲಿ ಸಾಂ ಕಾಂತಾದಲ್ಲಿ ಸ್ಪೇನಿನ ಸೇನೆಯ ಎದುರು ಭಾರೀ ಸೋಲೂ ಕಂಡ. ಕೊನೆಗೆ ಎರಡೂ ಕಡೆ ಬೊಕ್ಕಸ ಖಾಲಿಯಾಗಿ, 1559ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಅದನ್ನು ಗಟ್ಟಿ ಮಾಡೋಕೆ ಎರಡು ಮದುವೆ. ಮಗಳು ಎಲಿಜಬೆತ್ ಸ್ಪೇನಿನ ದೊರೆ ಎರಡನೇ ಫಿಲಿಪ್‌ಗೆ, ತಂಗಿ ಮಾರ್ಗರೇಟ್ ಸವಾಯ್‌ನ ಡ್ಯೂಕ್‌ಗೆ.

ಮದುವೆ ಅಂದ ಮೇಲೆ ಈಟಿ ಕಾಳಗ ಇರಲೇಬೇಕು. ಆ ಮೈದಾನಕ್ಕೆ ಹೋಗೋ ಮುಂಚೆ ಅವರು ತಲೆಗೆ ಹಾಕಿಕೊಳ್ಳುತ್ತಿದ್ದ ವಸ್ತುವನ್ನು ಒಂದು ಸಲ ಬಿಚ್ಚಿ ನೋಡೋಣ.

ಮುಖಕವಚ ಇರೋ ಶಿರಸ್ತ್ರಾಣ 1300ರ ದಶಕಗಳಲ್ಲೇ ಚೆನ್ನಾಗಿ ಬಳಕೆಗೆ ಬಂದಿತ್ತು. ಆಗಿನ ಒಂದು ವಿನ್ಯಾಸದಲ್ಲಿ ಹಣೆಯ ಮಧ್ಯೆ ಒಂದೇ ಕೀಲು. ಪೆಟ್ಟಿಗೆಯ ಮುಚ್ಚಳದ ಹಾಗೆ ಮುಖಕವಚ ಮೇಲಕ್ಕೆ ತೆರೆಯುತ್ತೆ. ಮಾಡೋದು ಸುಲಭ, ಆದರೆ ಪಕ್ಕದಿಂದ ಪೆಟ್ಟು ಬಿದ್ದರೆ ಒಂದೇ ಕೀಲು ತಿರುಚಿಕೊಳ್ಳುತ್ತೆ. ಇನ್ನೊಂದರಲ್ಲಿ ಎರಡೂ ಕಪೋಲದ ಮೇಲೆ ಒಂದೊಂದು ತಿರುಗುಗೂಟ. ಅದರ ಜೊತೆಗೆ ಬಾಗಿಲ ತಿರುಗಣೆಯಂಥ ಪುಟ್ಟ ಕೀಲು, ಅದರೊಳಗೆ ಎಳೆದು ತೆಗೆಯಬಹುದಾದ ಸೂಜಿ. ಸೂಜಿ ಎಳೆದರೆ ಮುಖಕವಚ ಪೂರ್ತಿ ಕಳಚಿ ಕೈಗೆ ಬರುತ್ತೆ. ಇವತ್ತು ನಾವು ಕ್ವಿಕ್ ರಿಲೀಸ್ ಅಂತ ಹಣ ಕೊಟ್ಟು ತಗೊಳ್ಳೋದು ಇದನ್ನೇ.

ಹೆನ್ರಿಯ ಕಾಲಕ್ಕೆ ಬರೋ ಹೊತ್ತಿಗೆ ಮುಚ್ಚು ಶಿರಸ್ತ್ರಾಣ ಬಂದಿತ್ತು. ಇದರಲ್ಲಿ ಗದ್ದ ಮುಚ್ಚೋ ತಗಡು, ಕಣ್ಣಿನ ಸೀಳು ಇರೋ ಮುಖಕವಚ, ಎಲ್ಲವೂ ಕಪೋಲದ ಅದೇ ಎರಡು ಗೂಟಗಳ ಸುತ್ತ ತಿರುಗುತ್ತವೆ. ಈರುಳ್ಳಿ ಪದರದ ಹಾಗೆ ಒಂದರೊಳಗೊಂದು ಕೂರುತ್ತವೆ. ಒಂದೇ ಅಕ್ಷಕ್ಕೆ ಎರಡು ಮೂರು ಬಿಡಿಭಾಗ ಕೂರಿಸಿದ್ದರಿಂದ ಪಕ್ಕದಲ್ಲಿ ಉಬ್ಬು ಕಡಿಮೆ, ತೂಕ ಕಡಿಮೆ, ಈಟಿಯ ಮೊನೆ ಸಿಕ್ಕಿಕೊಳ್ಳಲು ಜಾಗವೂ ಕಡಿಮೆ. ಕ್ಯಾಡ್ ಇಲ್ಲ, ಮಿಲ್ಲಿಂಗ್ ಇಲ್ಲ. ಸುತ್ತಿಗೆ, ಅರ, ಕಣ್ಣಳತೆ ಇಷ್ಟರಲ್ಲೇ ಏಕಕೇಂದ್ರದ ಗೋಳಾಕಾರದ ತಗಡುಗಳನ್ನು ಉಜ್ಜದ ಹಾಗೆ ಕೂರಿಸುತ್ತಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಹೆನ್ರಿಯದೇ ಒಂದು ಮೆರವಣಿಗೆ ಕವಚ ಇದೆ. ಸುಮಾರು 1555ರದ್ದು, ತೂಕ ಸುಮಾರು 24 ಕಿಲೋ. ಅದರ ತುಂಬಾ ಬಳ್ಳಿ, ಬೊಂಬೆ, ಚಿನ್ನ ಬೆಳ್ಳಿಯ ಕೆಲಸ.

ಈಟಿ ಕಾಳಗಕ್ಕಂತಲೇ ಬೇರೆ ಒಂದು ಜಾತಿಯ ಶಿರಸ್ತ್ರಾಣವೂ ಇತ್ತು. ಅದರ ಮುಂಭಾಗ ಕಪ್ಪೆ ಬಾಯಿಯ ಹಾಗೆ ಚಾಚಿರುತ್ತೆ. ಅದರಲ್ಲಿ ತೆರೆಯೋ ಮುಖಕವಚವೇ ಇಲ್ಲ, ಕೀಲೂ ಇಲ್ಲ. ಕೆಲವು 8 ರಿಂದ 10 ಕಿಲೋ ತೂಗುತ್ತವೆ, ಎದೆಕವಚಕ್ಕೇ ತಿರುಪು ಹಾಕಿ ಬಿಗಿದುಬಿಡ್ತಾರೆ. ಸವಾರ ಮುಂದಕ್ಕೆ ಬಾಗಿದಾಗ ಮಾತ್ರ ಸೀಳಿನಿಂದ ಎದುರಾಳಿ ಕಾಣ್ತಾನೆ. ಈಟಿ ತಾಗೋ ಕ್ಷಣದಲ್ಲಿ ಮೈ ನೆಟ್ಟಗೆ ಮಾಡಿದರೆ ಸೀಳು ಮೇಲಕ್ಕೆ ತಿರುಗಿ, ಎದುರಿಗೆ ಬರೀ ಉಕ್ಕು. ಮುರಿದ ಚೂರು ಕಣ್ಣಿಗೆ ಬರಲು ದಾರಿಯೇ ಇಲ್ಲ. ಆದರೆ ಅದನ್ನು ಹಾಕಿಕೊಂಡು ಕಾಲ್ನಡಿಗೆಯಲ್ಲಿ ಹೋರಾಡೋದು ಆಗಲ್ಲ, ಅತ್ತಿತ್ತ ನೋಡೋದು ಆಗಲ್ಲ, ಉಸಿರಾಟವೂ ಕಷ್ಟ. ಅಂದರೆ ಆ ಕಾಲದ ವಿನ್ಯಾಸಗಾರರ ಮುಂದೆ ಎರಡು ದಾರಿ ಇತ್ತು. ಕೀಲು ತೆಗೆದುಹಾಕಿ, ಸುರಕ್ಷಿತವಾಗಿರಿ, ಸೌಕರ್ಯ ಬಿಡಿ. ಇಲ್ಲವೇ ಕೀಲು ಇಟ್ಟುಕೊಳ್ಳಿ, ಆದರೆ ಅದಕ್ಕೊಂದು ನಂಬುವಂಥ ಚಿಲಕ ಮಾಡಿ.

ಚಿಲಕವನ್ನೂ ಅವರು ಮಾಡಿದ್ದರು. ಶಿರಸ್ತ್ರಾಣದ ಬಲಗಡೆ, ಕೀಲಿನಿಂದ ದೂರ, ಮುಖಕವಚದ ಅಂಚಿನ ಹತ್ತಿರ ಒಂದು ಕೊಕ್ಕೆ ಅಥವಾ ಸ್ಪ್ರಿಂಗ್ ಗುಂಡಿ. ಮುಚ್ಚಿದ ಮೇಲೆ ಅದನ್ನು ಹಾಕಬೇಕು. ಈಟಿ ಕಾಳಗಕ್ಕೆ ಇಳಿಯುವಾಗ ಮುಖದ ಮೇಲೆ ಇನ್ನೊಂದು ದಪ್ಪ ತಗಡನ್ನು ತಿರುಪು ಹಾಕಿ ಕೂರಿಸೋ ಪದ್ಧತಿಯೂ ಇತ್ತು.

ಈಗ 1559ರ ಜೂನ್ ಕೊನೆಗೆ ಹೋಗೋಣ. ಪ್ಯಾರಿಸ್ಸಿನ ತೂರ್ನೆಲ್ ಅರಮನೆಯ ಪಕ್ಕ, ಸಾಂ ಆಂತ್ವಾನ್ ಬೀದಿಯ ಕಲ್ಲುಗಳನ್ನು ಎಬ್ಬಿಸಿ ಅಂಗಳ ಮಾಡಿದ್ದರು. ಎರಡೂ ಬದಿ ಅಟ್ಟಣೆ. ಜೂನ್ 30, ಸೆಕೆ ಹೆಚ್ಚು. ನಲವತ್ತರ ರಾಜ ಸ್ವತಃ ಕಣಕ್ಕಿಳಿದ. ಮೈಮೇಲೆ ಡಯಾನ್‌ಳ ಕಪ್ಪು ಬಿಳುಪು. ಮೊದಲು ಸವಾಯ್‌ನ ಡ್ಯೂಕ್, ಆಮೇಲೆ ಗೀಸ್‌ನ ಡ್ಯೂಕ್, ಇಬ್ಬರ ಜೊತೆಯೂ ಓಟ ಆಯಿತು. ಮೂರನೆಯವನು ಗೇಬ್ರಿಯಲ್ ಮಾಂಟ್‌ಗೊಮೆರಿ, ರಾಜನ ಸ್ಕಾಟಿಶ್ ಕಾವಲುಪಡೆಯ ನಾಯಕ, ತರುಣ. ಅವನ ಏಟಿಗೆ ರಾಜ ಜೀನಿನ ಮೇಲೆ ತೂಗಾಡಿ ಹೋದ.

ಅಲ್ಲಿಗೆ ಮುಗಿಸಬಹುದಿತ್ತು. ಸಾಕು ಅಂತ ಹೆಂಡತಿ ಹೇಳಿ ಕಳಿಸಿದಳು, ಜೊತೆಗಿದ್ದ ಹಿರಿಯರೂ ಹೇಳಿದರು ಅಂತ ಆ ಕಾಲದವರ ಬರಹಗಳಲ್ಲಿದೆ. ಮಾಂಟ್‌ಗೊಮೆರಿಯೂ ಹಿಂಜರಿದ. ಆದರೆ ತೂಗಾಡಿದ್ದನ್ನು ಇಡೀ ಊರು ನೋಡಿದೆ, ಸೇಡು ತೀರಿಸದೆ ರಾಜ ಹೇಗೆ ಇಳಿದಾನು? ಲಾಸ್ಟ್ ಒಂದು ರೌಂಡ್ ಅನ್ನೋದು ನಮ್ಮ ಹಾಸ್ಟೆಲ್ ಗ್ರೌಂಡಿನಲ್ಲಷ್ಟೇ ಅಲ್ಲ, ಎಲ್ಲ ಕಾಲದಲ್ಲೂ ಇರೋ ಕಾಯಿಲೆ. ಇನ್ನೊಂದು ಓಟಕ್ಕೆ ಅಪ್ಪಣೆಯಾಯಿತು.

ಎರಡೂ ಈಟಿಗಳು ತಾಗಿ ಮುರಿದವು. ಮುರಿದ ಮೇಲೆ ಕೈಯಲ್ಲುಳಿದ ತುಂಡನ್ನು ತಕ್ಷಣ ಬಿಟ್ಟುಬಿಡೋದು ನಿಯಮ. ಮಾಂಟ್‌ಗೊಮೆರಿ ಬಿಡಲಿಲ್ಲ, ಅಥವಾ ಬಿಡುವಷ್ಟು ಹೊತ್ತು ಸಿಗಲಿಲ್ಲ. ಸೀಳಿದ ಮರದ ಮೊನೆ ರಾಜನ ಎದೆ, ಕತ್ತಿನ ಕಡೆಯಿಂದ ಮೇಲಕ್ಕೆ ಜಾರಿ ಮುಖಕವಚವನ್ನು ಹೊಕ್ಕಿತು. ಮುಖಕವಚ ಸರಿಯಾಗಿ ಬಿಗಿದಿರಲಿಲ್ಲ ಅಂತ ಕೆಲವರು ಬರೆದರು. ಏಟಿನ ರಭಸಕ್ಕೇ ಅದು ಎದ್ದುಹೋಯಿತು ಅಂತ ಇನ್ನು ಕೆಲವರು. ಹೇಗೇ ಇರಲಿ, ಚೂರುಗಳು ಬಲಗಣ್ಣಿನ ಮೇಲ್ಭಾಗದಲ್ಲಿ ನಾಟಿದವು. ರಾಜ ಕುದುರೆಯ ಕುತ್ತಿಗೆ ತಬ್ಬಿಕೊಂಡು ಓಟದ ಕೊನೆ ಮುಟ್ಟಿದ. ಅಲ್ಲಿದ್ದವರು ಹಿಡಿದು ಇಳಿಸಿ, ತೂರ್ನೆಲ್ ಅರಮನೆಯೊಳಕ್ಕೆ ಹೊತ್ತುಕೊಂಡು ಹೋದರು.

ಮುಂದಿನ ಹತ್ತು ದಿನ ಅವನ ಹಾಸಿಗೆಯ ಸುತ್ತ ಆ ಯುಗದ ಅತಿ ದೊಡ್ಡ ಇಬ್ಬರು ವೈದ್ಯರಿದ್ದರು. ಒಬ್ಬ ಆಂಬ್ರುವಾಸ್ ಪಾರೆ, ರಣರಂಗದಲ್ಲಿ ಗಾಯ ಕಟ್ಟಿ ಪಳಗಿದ ಶಸ್ತ್ರಚಿಕಿತ್ಸಕ. ಇನ್ನೊಬ್ಬ 1543ರಲ್ಲಿ ಮನುಷ್ಯ ದೇಹರಚನೆಯ ಮಹಾಗ್ರಂಥ ತಂದ ವೆಸಾಲಿಯಸ್. ಅವನನ್ನು ಫಿಲಿಪ್ ದೊರೆ ಬ್ರಸೆಲ್ಸ್‌ನಿಂದ ಕಳಿಸಿದ್ದ. ಗಾಯದ ದಾರಿ ತಿಳಿಯೋಕೆ, ಗಲ್ಲಿಗೇರಿದ ಅಪರಾಧಿಗಳ ತಲೆಗಳನ್ನು ತರಿಸಿ ಅಂಥದ್ದೇ ಮರದ ಚೂರನ್ನು ಚುಚ್ಚಿ ನೋಡಿದರು ಅನ್ನೋ ಮಾತಿದೆ. ಕೇಳೋಕೆ ಮೈ ಜುಂ ಅನ್ನುತ್ತೆ. ಆದರೆ ಇವತ್ತು ಹೆಲ್ಮೆಟ್ ಪರೀಕ್ಷೆಯಲ್ಲಿ ಲೋಹದ ತಲೆಯಾಕೃತಿಯನ್ನು ಮೇಲಿಂದ ಬೀಳಿಸಿ ವೇಗೋತ್ಕರ್ಷ ಅಳೀತೀವಲ್ಲ, ಅದರ ಹಿಂದಿನ ಯೋಚನೆಯೂ ಇದೇ. ಪೆಟ್ಟನ್ನು ಮತ್ತೆ ಮಾಡಿ ನೋಡದೆ ಪೆಟ್ಟು ಅರ್ಥವಾಗಲ್ಲ.

ಜ್ವರ ಏರಿತು, ಪ್ರಜ್ಞೆ ಹೋಗಿ ಬಂದು ಮಾಡಿತು. ಸಂಧಾನ ಮುರಿದುಬೀಳಬಾರದು ಅಂತ ತಂಗಿಯ ಮದುವೆಯನ್ನು ಮಧ್ಯರಾತ್ರಿಯಲ್ಲಿ, ಅಳುವಿನ ನಡುವೆ, ತರಾತುರಿಯಲ್ಲಿ ಮುಗಿಸಿದರು. 1559ರ ಜುಲೈ 10ರಂದು ಹೆನ್ರಿ ಕೊನೆಯುಸಿರೆಳೆದ. ನೆನಪಿದೆಯಾ ಆ ತಾರೀಖು? ಜಾರ್ನಾಕನ ಕತ್ತಿ ಮೊಣಕಾಲ ಸಂದು ಹುಡುಕಿದ ದಿನಕ್ಕೆ ಸರಿಯಾಗಿ ಹನ್ನೆರಡು ವರ್ಷ.

ಶವಪರೀಕ್ಷೆಯಲ್ಲಿ ಒಂದು ವಿಚಿತ್ರ ಕಂಡಿತು. ತಲೆಬುರುಡೆ ಒಡೆದಿರಲಿಲ್ಲ. ಆದರೆ ಪೆಟ್ಟು ಬಿದ್ದ ಜಾಗದ ಎದುರು ಬದಿಯಲ್ಲಿ, ಹಿಂತಲೆಯ ಒಳಗೆ, ರಕ್ತ ಸೇರಿ ಮೆದುಳು ಕೆಟ್ಟಿತ್ತು. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸ್ತೀವಲ್ಲ, ಹಾಗೆ ಮೆದುಳೂ ಬುರುಡೆಯೊಳಗೆ ಜರುಗುತ್ತೆ. ಅಂದರೆ ಶಿರಸ್ತ್ರಾಣದ ಕೆಲಸ ಬರೀ ಚುಚ್ಚೋದನ್ನು ತಡೆಯೋದಲ್ಲ, ತಲೆ ತಟ್ಟನೆ ವೇಗ ಬದಲಿಸೋದನ್ನೂ ತಡೀಬೇಕು. ಇವತ್ತಿನ ಹೆಲ್ಮೆಟ್ಟಿನ ಒಳಗಿರೋ ಥರ್ಮೋಕೋಲ್ ಪದರ ಇರೋದು ಅದಕ್ಕೇ. ಅದು ನಜ್ಜುಗುಜ್ಜಾಗಿ ತಲೆಗೆ ನಿಲ್ಲಲು ಸಮಯ ಕೊಡುತ್ತೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಬ್ಬೊಬ್ಬರ ಕುದುರೆ ಗಂಟೆಗೆ 30 ಕಿ.ಮೀ. ಓಡಿತು ಅಂದುಕೊಂಡರೂ ಎದುರುಬದುರು 60 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅದಕ್ಕೇ ಈಟಿಯನ್ನು ಮುರಿಯೋ ಹಾಗೆ ಮಾಡ್ತಿದ್ದರು. ಅದೊಂದು ಫ್ಯೂಸ್, ಒಂದು ಶಿಯರ್ ಪಿನ್. ಬಲ ಮಿತಿ ಮೀರಿದರೆ ಅದು ಮುರಿದು ಮನುಷ್ಯನನ್ನು ಉಳಿಸಬೇಕು. ಯೋಚನೆ ಸರಿ. ಆದರೆ ಮುರಿದ ಮೇಲೆ ಏನಾಗುತ್ತೆ ಅನ್ನೋ ಪ್ರಶ್ನೆಯನ್ನು ಮನುಷ್ಯನ ಕೈಗೆ ಬಿಟ್ಟಿದ್ದರು. ತುಂಡನ್ನು ಬಿಸಾಡು ಅನ್ನೋದು ಒಂದು ನಿಯಮ ಅಷ್ಟೇ, ಯಾಂತ್ರಿಕ ವ್ಯವಸ್ಥೆ ಅಲ್ಲ. ಸೆಕೆಂಡಿನ ಒಂದು ಚೂರಿನಲ್ಲಿ ನಿಯಮ ಪಾಲಿಸೋಕೆ ಯಾರಿಂದ ಆಗುತ್ತೆ?

ಎರಡನೆಯದು ಮೊಮೆಂಟ್. ಮುಖಕವಚದ ಫ್ರೀ ಬಾಡಿ ಡಯಾಗ್ರಾಂ ಬರೀರಿ. ತಿರುಗೋ ಬಿಂದು ಕಪೋಲದಲ್ಲಿ. ಮುಂದಿನಿಂದ, ಆ ಬಿಂದುವಿನ ಎತ್ತರಕ್ಕೇ ನೇರವಾಗಿ ಬಲ ಬಂದರೆ ಮೊಮೆಂಟ್ ಸೊನ್ನೆ, ಮುಖಕವಚ ಅಲುಗಲ್ಲ. ಆದರೆ ಕೆಳಗಿಂದ ಮೇಲಕ್ಕೆ ಜಾರಿ ಬರೋ ಬಲ ಅಂಚನ್ನು ಹಿಡಿದರೆ, ಅದು ನೇರವಾಗಿ ತೆರೆಯೋ ದಿಕ್ಕಿಗೇ ತಿರುಗಿಸುತ್ತೆ. ಮನುಷ್ಯನ ಕೈ ಸುಲಭವಾಗಿ ತೆರೀಲಿ ಅಂತ ಯಾವ ದಿಕ್ಕನ್ನು ಮಾಡಿದ್ದಾರೋ, ಮುರಿದ ಈಟಿಗೂ ಅದೇ ದಿಕ್ಕು ಸುಲಭ. ಕೈ ಯಾವುದು, ಈಟಿ ಯಾವುದು ಅಂತ ಕೀಲಿಗೆ ಗೊತ್ತಾಗಲ್ಲ.

ಇದೇ ಸಮಸ್ಯೆ ನಮ್ಮ ಹೆಲ್ಮೆಟ್ಟಿನಲ್ಲೂ ಇದೆ. ಕೀಲನ್ನು ಚಿಕ್ಕದು ಮಾಡಿದಷ್ಟೂ ಚೆನ್ನ. ಪಕ್ಕದಲ್ಲಿ ಉಬ್ಬಿದ್ದರೆ ಗಾಳಿ ಸದ್ದು, ರಸ್ತೆಗೆ ಉಜ್ಜಿದಾಗ ಸಿಕ್ಕಿಕೊಂಡು ತಲೆ ತಿರುಚೋ ಅಪಾಯ. ಜಪಾನಿನ ಅರೈ ಕಂಪನಿ ಒಂದು ಮಾದರಿಯಲ್ಲಿ ಕೀಲನ್ನು 24 ಮಿ.ಮೀ. ಕೆಳಕ್ಕೆ ಇಳಿಸಿದ್ದು ಇದಕ್ಕೇ, ಮೇಲಿನ ಚಿಪ್ಪು ನುಣುಪಾಗಿ, ಪೆಟ್ಟು ಜಾರಿ ಹೋಗಲಿ ಅಂತ. ಆದರೆ ಚಿಕ್ಕದು ಮಾಡೋದಕ್ಕೆ ಒಂದು ಬೆಲೆ ಉಂಟು. ಟಕ್ ಟಕ್ ಅನ್ನೋ ಹಲ್ಲುಗಳು ಅಕ್ಷದಿಂದ 15 ಮಿ.ಮೀ. ದೂರದಲ್ಲಿವೆ, ಗ್ಲಾಸಿನ ಅಂಚು 150 ಮಿ.ಮೀ. ದೂರದಲ್ಲಿದೆ ಅಂದುಕೊಳ್ಳಿ. ಅಂಚಿನಲ್ಲಿ 1 ನ್ಯೂಟನ್ ಬಿದ್ದರೆ ಹಲ್ಲಿನ ಮೇಲೆ 10 ನ್ಯೂಟನ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಸುಮಾರು 460 ಪಾಸ್ಕಲ್. 0.03 ಚದರ ಮೀಟರ್ ಗ್ಲಾಸಿನ ಮೇಲೆ ಸುಮಾರು 14 ನ್ಯೂಟನ್. ಅದೆಲ್ಲ ಅಂಚಿಗೇ ಬಿದ್ದು ತೆರೆಯೋ ದಿಕ್ಕಿಗೆ ಎಳೆದರೆ, ಆ ಪುಟ್ಟ ಪ್ಲಾಸ್ಟಿಕ್ ಹಲ್ಲು 140 ನ್ಯೂಟನ್ ತಡೀಬೇಕು. ದಿನಕ್ಕೆ ಹತ್ತು ಹದಿನೈದು ಸಲ ಉಜ್ಜಿ ಸವೆದ ಹಲ್ಲು ಅದು.

ಪರಿಹಾರ ಆ ಹಳೇ ಕಮ್ಮಾರರಿಗೆ ಗೊತ್ತಿತ್ತು. ಕೀಲಿಗೆ ತಿರುಗೋ ಕೆಲಸ ಮಾತ್ರ ಕೊಡಿ, ಬಿಗಿಯಾಗಿ ಹಿಡಿಯೋ ಕೆಲಸವನ್ನು ಅದಕ್ಕೆ ಹೊರಿಸಬೇಡಿ. ಚಿಲಕವನ್ನು ಅಂಚಿನ ಹತ್ತಿರ, ಅಕ್ಷದಿಂದ ದೂರ ಇಡಿ. ಅಲ್ಲಿ ತೋಳು ಉದ್ದ, ಆದ್ದರಿಂದ ಸಣ್ಣ ಬಲಕ್ಕೇ ದೊಡ್ಡ ಮೊಮೆಂಟ್ ತಡೆಯಬಹುದು. ಆಗ ಕೀಲು ಎಷ್ಟು ಬೇಕಾದರೂ ಚಿಕ್ಕದಾಗಬಹುದು. ಒಳ್ಳೆಯ ಫುಲ್ ಫೇಸ್ ಹೆಲ್ಮೆಟ್ಟುಗಳಲ್ಲಿ ಗದ್ದದ ಹತ್ತಿರ ಗ್ಲಾಸಿಗೊಂದು ಪುಟ್ಟ ಲಾಕ್ ಇರೋದು ಇದೇ ತರ್ಕದಿಂದ. ಮನೆ ಬಾಗಿಲಿಗೆ ನಾವು ಮಾಡೋದೂ ಇದೇ ಅಲ್ವಾ? ತಿರುಗಣೆ ಒಂದು ಬದಿ, ಚಿಲಕ ಇನ್ನೊಂದು ಬದಿ. ಬಾಗಿಲು ಮುಚ್ಚೋದು ಬೇರೆ, ಚಿಲಕ ಹಾಕೋದು ಬೇರೆ.

ಆದರೆ ಚಿಲಕಕ್ಕೂ ಒಂದು ಮಿತಿ ಇದೆ. ಅದನ್ನು ಮನುಷ್ಯ ಹಾಕಬೇಕು. ಸೆಕೆ, ದಣಿವು, ಹಠ, ನೋಡ್ತಿರೋ ಜನ, ಲಾಸ್ಟ್ ರೌಂಡು. ಇವೆಲ್ಲ ಇದ್ದಾಗಲೂ ಮರೆಯದ ಹಾಗೆ ಇರಬೇಕು. ಮುಚ್ಚಿದ ಕೂಡಲೇ ತಾನಾಗಿ ಬೀಳಬೇಕು, ಬಿದ್ದಿದೆಯೋ ಇಲ್ಲವೋ ಸದ್ದಲ್ಲೇ ಗೊತ್ತಾಗಬೇಕು. ಅಪಘಾತದಲ್ಲಿ ಬಿದ್ದವನ ಮುಖಕ್ಕೆ ಗಾಳಿ ಬೇಕಾದಾಗ ಬೇರೆಯವರ ಕೈಗೂ ಸುಲಭವಾಗಿ ತೆರೀಬೇಕು. ಇಷ್ಟನ್ನೂ ಹೆಬ್ಬೆರಳಿನಷ್ಟು ಜಾಗದಲ್ಲಿ ಮಾಡಿ ಅನ್ನೋದೇ ಡಿಸೈನ್ ಸವಾಲು.

ಹೆನ್ರಿ ಹೋದ ಮೇಲೆ ಏನಾಯ್ತು ಅಂತ ಹೇಳಿ ಮುಗಿಸ್ತೀವಿ. ಹದಿನೈದು ವರ್ಷದ ಮಗ ಎರಡನೇ ಫ್ರಾನ್ಸಿಸ್ ಪಟ್ಟಕ್ಕೆ ಬಂದು ಒಂದೂವರೆ ವರ್ಷದಲ್ಲೇ ತೀರಿಕೊಂಡ. ಆಮೇಲೆ ಬಂದ ಚಾರ್ಲ್ಸ್‌ಗೆ ಹತ್ತು ವರ್ಷ. ಮಕ್ಕಳ ಕೈಯಲ್ಲಿ ದೇಶ, ಸುತ್ತ ಅಧಿಕಾರಕ್ಕೆ ಕಾದಿದ್ದ ಮನೆತನಗಳು, ಒಳಗೆ ಕುದಿಯುತ್ತಿದ್ದ ಧರ್ಮದ್ವೇಷ. 1562ರಲ್ಲಿ ಹೊತ್ತಿಕೊಂಡ ಅಂತರ್ಯುದ್ಧ 1598ರವರೆಗೆ ಉರಿಯಿತು. ಗಟ್ಟಿ ರಾಜ ಬದುಕಿದ್ದರೆ ಅದು ಆಗುತ್ತಲೇ ಇರಲಿಲ್ಲ ಅಂತ ನಾವು ಹೇಳಲ್ಲ, ಬೆಂಕಿಗೆ ಕಟ್ಟಿಗೆ ಒಟ್ಟಿದವರಲ್ಲಿ ಅವನೂ ಒಬ್ಬ. ಆದರೆ ಆ ಹೊತ್ತಿನಲ್ಲಿ ಸಿಂಹಾಸನ ಖಾಲಿಯಾದದ್ದು ಬಹಳ ದುಬಾರಿಯಾಯಿತು.

ಮಾಂಟ್‌ಗೊಮೆರಿಯ ತಪ್ಪಿಲ್ಲ ಅಂತ ಸಾಯೋ ರಾಜನೇ ಅವನನ್ನು ಮನ್ನಿಸಿದ ಅಂತ ಹೇಳ್ತಾರೆ. ಆದರೂ ಅವನು ಆಸ್ಥಾನ ಬಿಟ್ಟ, ಮುಂದೆ ಪ್ರಾಟೆಸ್ಟೆಂಟ್ ಸೇನಾನಿಯಾದ, 1574ರಲ್ಲಿ ಸೆರೆ ಸಿಕ್ಕು ಪ್ಯಾರಿಸ್ಸಿನಲ್ಲಿ ತಲೆ ಕೊಟ್ಟ. ಕ್ಯಾಥರಿನ್ ಬದುಕಿರುವ ತನಕ ಕಪ್ಪು ಉಟ್ಟಳು. ಮುರಿದ ಈಟಿಯನ್ನೇ ತನ್ನ ಲಾಂಛನ ಮಾಡಿಕೊಂಡಳು. ಗಂಡ ಸತ್ತ ತೂರ್ನೆಲ್ ಅರಮನೆಯನ್ನು ಕೆಡವಿಸಿದಳು. ಆ ಜಾಗದಲ್ಲಿ ಈಗ ಪ್ಯಾರಿಸ್ಸಿನ ಸುಂದರವಾದ ವೋಜ್ ಚೌಕ ಇದೆ. ಜನ ಹುಲ್ಲಿನ ಮೇಲೆ ಕೂತು ಬಿಸಿಲು ಕಾಯಿಸ್ತಾರೆ.

ನಮ್ಮ ಗೆಳೆಯರ ಇನ್ಸುಲೇಷನ್ ಟೇಪಿನ ಕಥೆಗೆ ಬಂದರೆ, ಈ ಬರಹಕ್ಕೆ ಓದ್ತಾ ಇದ್ದಾಗಲೇ ಅವರು ಅಂಗಡಿಗೆ ಹೋಗಿ ಹೊಸ ಕೀಲಿನ ಸೆಟ್ ಹಾಕಿಸಿಕೊಂಡು ಬಂದರು. ಟೇಪು ಕಿತ್ತು ನೋಡಿದರೆ ಒಂದು ಬದಿಯ ಹಲ್ಲು ಪೂರ್ತಿ ನುಣ್ಣಗಾಗಿತ್ತು. ಇಷ್ಟು ದಿನ ಹಿಡಿದು ನಿಂತಿದ್ದದ್ದು ಬರೀ ಅಂಟು. ನೀವೂ ನಾಳೆ ಪಾರ್ಕಿಂಗ್‌ನಲ್ಲಿ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಒಂದು ಸಲ ಗ್ಲಾಸು ಏರಿಸಿ ಇಳಿಸಿ ನೋಡಿ, ಎರಡೂ ಬದಿಯ ಕೀಲು ಮುಟ್ಟಿ ನೋಡಿ. ಗದ್ದದ ಪಟ್ಟಿಯ ಬಕಲ್‌ ಹಾಕಿ. ರಾಜನಿಗೆ ಇದನ್ನು ನೋಡಿಕೊಳ್ಳೋಕೆ ಸೇವಕರಿದ್ದರು, ನಮಗೆ ನಾವೇ.